ಚೆಂಡು ಹೂವು, ಸೇವಂತಿಗೆ, ಸುಗಂಧರಾಜ: ಎಲ್ಲಿಂದ ಬಂದವು, ಯಾರಿಗೆ ಏನರ್ಥ?

[ದೃಶ್ಯ: ಹಂಪಿಯ ಮಹಾನವಮಿ ದಿಬ್ಬ, ಬೆಳಗಿನ ಬಿಸಿಲು]

ನಮಸ್ಕಾರ. 1443ರಲ್ಲಿ ಪರ್ಷಿಯನ್ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಿದ್ದ. ಇಲ್ಲಿನ ಮಹಾನವಮಿ ವೈಭವ ಕಂಡು ಬೆರಗಾಗಿ ಬರೆದಿಟ್ಟ. ಆ ಹಬ್ಬದಲ್ಲಿ ಏನೇನೋ ಇತ್ತು, ಆದರೆ ಚೆಂಡು ಹೂವು ಮಾತ್ರ ಇರಲಿಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ. ಯಾಕಂದ್ರೆ ಅದು ಮೆಕ್ಸಿಕೋ, ಮಧ್ಯ ಅಮೆರಿಕದ ಗಿಡ. 1492ರಲ್ಲಿ ಕೊಲಂಬಸ್ ಆ ಕಡೆ ಹೋಗೋ ತನಕ ಏಷ್ಯಾದಲ್ಲಿ ಯಾರೂ ಅದನ್ನ ಕಂಡಿರಲಿಲ್ಲ. ಸ್ಪೇನಿನವರು ಅದನ್ನ ಯೂರೋಪಿಗೆ ಒಯ್ದರು. ನಮ್ಮಲ್ಲಿಗೆ ಪೋರ್ಚುಗೀಸರ ಹಡಗಿನಲ್ಲಿ ಬಂತು ಅನ್ನೋದು ಸಾಮಾನ್ಯ ಅಭಿಪ್ರಾಯ.

[ದೃಶ್ಯ: ಆಯುಧಪೂಜೆ. ಲಾರಿ ಮುಂದೆ ಹಾರ, ಒಡೆದ ಬೂದುಗುಂಬಳ]

ಇವತ್ತು ಚೆಂಡು ಹೂವಿಲ್ಲದ ಆಯುಧಪೂಜೆ ಊಹಿಸಿಕೊಳ್ಳಿ ನೋಡೋಣ! ಲಾರಿಗೆ, ಆಟೋಗೆ, ಅಂಗಡಿ ಬಾಗಿಲಿಗೆ ಎಲ್ಲಕ್ಕೂ ಅದೇ ಬೇಕು. ಅಷ್ಟಾದರೂ ಅದನ್ನ ಮುಡಿಯೋದು ಅಪರೂಪ. ವಾಸನೆ ಸ್ವಲ್ಪ ಒರಟು ಅಂತೀವಿ. ಮೆಕ್ಸಿಕೋದವರಿಗೆ ಆ ವಾಸನೆಯೇ ಮುಖ್ಯ. ನವೆಂಬರ್ 1 ಮತ್ತು 2, ಅಲ್ಲಿ ಸತ್ತವರ ಹಬ್ಬ. ತೀರಿಹೋದ ಹಿರಿಯರು ಆ ದಿನ ಮನೆಗೆ ಬರ್ತಾರೆ ಅನ್ನೋದು ನಂಬಿಕೆ. ಅವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಬಡಿಸಿ, ಬಾಗಿಲಿಂದ ಆ ಎಡೆಯ ತನಕ ಚೆಂಡು ಹೂವಿನ ಎಸಳು ಚೆಲ್ಲಿ ದಾರಿ ಮಾಡ್ತಾರೆ. ಬಣ್ಣ, ವಾಸನೆ ಹಿಡಿದು ಆತ್ಮಗಳು ಮನೆ ಗುರುತಿಸಬೇಕು, ಅದಕ್ಕೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

[ದೃಶ್ಯ: ಕ್ಲೋಸಪ್. ಒಣಗಿದ ಹೂವನ್ನ ಬಿಡಿಸುತ್ತಿರುವ ಬೆರಳು]

ಹಬ್ಬ ಮುಗಿದ ಮೇಲೆ ಬಾಗಿಲಲ್ಲಿ ಒಣಗಿರೋ ಹಾರದಿಂದ ಒಂದು ಹೂ ಕಿತ್ತು ಬಿಡಿಸಿ ನೋಡಿ. ಎಸಳಿನ ಬುಡದಲ್ಲಿ ಸಣ್ಣ ಕಡ್ಡಿಯಂಥ ಕಪ್ಪು ಬೀಜ ಇರುತ್ತೆ. ಅಂದ್ರೆ ನಾವು ಎಸಳು ಅನ್ನೋ ಒಂದೊಂದೂ ಒಂದು ಪುಟ್ಟ ಹೂವು. ಒಂದೇ ತೊಟ್ಟಿನ ಮೇಲೆ ಅಂಥವು ರಾಶಿ ಕೂತಿವೆ. ರೈತರಿಗೆ ಇದು ಬರೀ ಅಲಂಕಾರದ ಹೂವೂ ಅಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 16 ಸಾಲು ಟೊಮೇಟೊಗೆ 1 ಸಾಲು ಚೆಂಡು ಹೂ ಹಾಕಿ ಅಂತಾರೆ. ಕಾಯಿಕೊರಕದ ಚಿಟ್ಟೆ ಟೊಮೇಟೊ ಬಿಟ್ಟು ಈ ಹೂವಿನ ಮೇಲೆ ಮೊಟ್ಟೆ ಇಡುತ್ತೆ. ಗುಂಡ್ಲುಪೇಟೆ ಕಡೆ ರಸ್ತೆಯ ಎರಡೂ ಬದಿ ಕಾಣೋ ಹಳದಿ ಹೊಲಗಳಿವೆಯಲ್ಲ, ಅಲ್ಲಿನ ಹೂವಿನ ಬಹುಪಾಲು ಬಣ್ಣ ತೆಗೆಯೋ ಕಾರ್ಖಾನೆಗೆ ಹೋಗುತ್ತೆ. ಮೊಟ್ಟೆಯ ಹಳದಿಗೆ ರಂಗೇರಲಿ ಅಂತ ಆ ಬಣ್ಣವನ್ನ ಕೋಳಿ ಮೇವಿಗೂ ಸೇರಿಸ್ತಾರೆ.

[ದೃಶ್ಯ: ಮದುವೆ ಮಂಟಪ, ಹಾರ ಬದಲಾಯಿಸೋ ಕ್ಷಣ]

ಮದುವೆ ಹಾರದ ಸುಗಂಧರಾಜ? ಅದೂ ಮೆಕ್ಸಿಕೋದ್ದೇ.

[ದೃಶ್ಯ: ಸೇವಂತಿಗೆ ಬುಟ್ಟಿಗಳು]

ಇನ್ನು ಸೇವಂತಿಗೆ. ಇದರ ತವರು ಚೀನಾ. ಕವಿ ತಾವೋ ಯುವಾನ್‌ಮಿಂಗ್ ಸುಮಾರು 1600 ವರ್ಷದ ಹಿಂದೆ ಸರ್ಕಾರಿ ಹುದ್ದೆ ಬಿಟ್ಟು ಹಳ್ಳಿಗೆ ಬಂದು, ಬೇಲಿ ಪಕ್ಕದ ಸೇವಂತಿಗೆ ಬಗ್ಗೆ ಬರೆದ. ಅಲ್ಲಿಂದಾಚೆ ಚೀನೀಯರಿಗೆ ಅದು ಯಾರ ಹಂಗಿಗೂ ಬಗ್ಗದ ಸಜ್ಜನನ ಹೂವಾಯಿತು. ಉಳಿದ ಗಿಡಗಳು ಚಳಿಗೆ ಸೊರಗೋ ಹೊತ್ತಲ್ಲಿ ಇದು ಅರಳುತ್ತೆ, ಹಾಗಾಗಿ ದೀರ್ಘಾಯುಷ್ಯದ ಗುರುತೂ ಹೌದು. ಜಪಾನಿನ ಚಕ್ರವರ್ತಿಯ ಲಾಂಛನ 16 ಎಸಳಿನ ಸೇವಂತಿಗೆ. ಫ್ರಾನ್ಸಿಗೆ ಹೋದಾಗ ಮಾತ್ರ ಯಾರ ಮನೆಗೂ ಇದನ್ನ ಒಯ್ಯಬೇಡಿ. ಅಲ್ಲಿ ಇದು ನವೆಂಬರ್ 1ಕ್ಕೆ ಗೋರಿಗಳ ಮೇಲಿಡೋ ಹೂವು. ನಮ್ಮಲ್ಲೋ, ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು ಅಂದ್ರೆ ಒಂದು ಮಾರು ಸೇವಂತಿಗೆಗೆ ಹೇಳಿದ್ದೇ ರೇಟು.

ನನ್ನನ್ನ ಬಹಳ ಹಿಡಿದಿಟ್ಟಿರೋದು ಒಂದು ವಿಷಯ. ಚೀನಾದಲ್ಲಿ ಚಾಂದ್ರಮಾನದ 9ನೇ ತಿಂಗಳ 9ನೇ ದಿನ ಸೇವಂತಿಗೆ ಹಬ್ಬ, ಮೆಕ್ಸಿಕೋದಲ್ಲಿ ಸತ್ತವರ ಹಬ್ಬ, ಫ್ರಾನ್ಸಿನಲ್ಲಿ ಗೋರಿಗೆ ಹೂ, ನಮ್ಮಲ್ಲಿ ದಸರಾ, ದೀಪಾವಳಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬರುತ್ತವೆ. ಮೆಕ್ಸಿಕೋ, ಫ್ರಾನ್ಸ್ ಎರಡರ ತಾರೀಖೂ ಕ್ಯಾಥೊಲಿಕ್ ಚರ್ಚಿನಿಂದ ಬಂದದ್ದು. ಅದು ಬಿಟ್ಟರೆ ಚೀನಾದವರು, ಅವರು, ನಾವು ಒಬ್ಬರನ್ನ ಕೇಳಿ ಇನ್ನೊಬ್ಬರು ಹಬ್ಬ ಮಾಡಿದ್ದಲ್ಲ. ಸೇವಂತಿಗೆ ಗಿಡಕ್ಕೆ ಹಗಲು ಕುಗ್ಗಿ ರಾತ್ರಿ ಉದ್ದವಾದಾಗಲೇ ಮೊಗ್ಗು ಕಟ್ಟೋ ಗುಣ. ಚೆಂಡು ಹೂವೂ ಆಗ ಬೇಗ ಮೊಗ್ಗಾಗುತ್ತೆ. ಬೆಳೆ ಕೈಗೆ ಬರೋ, ಹಿರಿಯರನ್ನ ನೆನೆಯೋ ಹೊತ್ತಿಗೆ ಹೊಲದಲ್ಲಿ ಅರಳಿ ನಿಂತಿದ್ದ ಹೂವನ್ನೇ ಜನ ಕೈಗೆತ್ತಿಕೊಂಡರು. ಅರ್ಥ ಆಮೇಲೆ ಹುಟ್ಟಿತು ಅನ್ನೋದು ನನ್ನ ಅನಿಸಿಕೆ.

[ದೃಶ್ಯ: ರಾತ್ರಿ. ಹೊಲದ ತುಂಬ ಬೆಳಗುತ್ತಿರೋ ಬಲ್ಬುಗಳು]

ಬೆಂಗಳೂರಿನ ಸುತ್ತಮುತ್ತ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲಗಳಲ್ಲಿ ಸಾಲಾಗಿ ಬಲ್ಬ್ ಉರಿಯೋದನ್ನ ನೋಡಿರಬಹುದು. ಜಾತ್ರೆ ಅಲ್ಲ, ಅದು ಸೇವಂತಿಗೆ ತೋಟ. ರಾತ್ರಿ ಬೆಳಕು ಬಿದ್ದರೆ ಗಿಡ ಇನ್ನೂ ಹಗಲು ದೊಡ್ಡದಿದೆ ಅಂದುಕೊಂಡು ಮೊಗ್ಗು ಬಿಡದೆ ಎತ್ತರ ಬೆಳೆಯುತ್ತೆ. ಗಿಡ ಸಾಕಷ್ಟು ಬೆಳೆದ ಮೇಲೆ, ಯಾವಾಗ ಹೂ ಬೇಕೋ ಲೆಕ್ಕ ಹಾಕಿ ರೈತರು ಬಲ್ಬ್ ಆರಿಸ್ತಾರೆ. ಆಮೇಲೆ ಮೊಗ್ಗು.

ನಿಮ್ಮೂರಲ್ಲಿ ಮದುವೆಗೆ ಯಾವ ಹೂ, ಸಾವಿಗೆ ಯಾವ ಹೂ? ಊರಿನ ಹೆಸರು ಸೇರಿಸಿ ಕಾಮೆಂಟಲ್ಲಿ ಬರೀರಿ. ಮುಂದಿನ ವಿಡಿಯೋ ಮಲ್ಲಿಗೆ ಮೇಲೆ: ಮೈಸೂರು, ಹಡಗಲಿ, ಉಡುಪಿಯ ಶಂಕರಪುರ, ಮೂರೂ ಕಡೆ ಹೋಗಿ ಬರೋಣ.