ಯಾರ ಡಬ್ಬಿ ಮೊದಲು ಖಾಲಿಯಾಗುತ್ತದೆ?

ಸಂಘದ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ಗೆಳೆಯರಿಗೂ ನಮಸ್ಕಾರ.

ನವೆಂಬರ್ ತಿಂಗಳಲ್ಲಿ ಕನ್ನಡ ಸಂಘದವರು ಕರೆದರೆ ಭಾಷೆಯ ಬಗ್ಗೆಯೋ ಏಕೀಕರಣದ ಬಗ್ಗೆಯೋ ಮಾತಾಡುವುದು ವಾಡಿಕೆ. ನಿಮ್ಮ ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ಆಫೀಸಿನ ಪಾಟ್‌ಲಕ್ ಊಟ, ಅಂದರೆ ಒಬ್ಬೊಬ್ಬರೂ ಒಂದೊಂದು ಅಡುಗೆ ತಂದು ಹಂಚಿ ಉಣ್ಣುವುದು. ಯೋಚಿಸಿದರೆ ಇದೂ ಏಕೀಕರಣದ ವಿಷಯವೇ. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಹೀಗೆ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು ನಕಾಶೆಯ ಮೇಲೆ ಒಂದಾಯಿತು. ಆ ಐದೂ ಕಡೆಯ ಅಡುಗೆ ಒಂದೇ ಮೇಜಿನ ಮೇಲೆ ಬಂದು ಕೂತದ್ದು ಮಾತ್ರ ಬಹಳ ನಿಧಾನವಾಗಿ, ಅದೂ ಹೆಚ್ಚಾಗಿ ಆಫೀಸುಗಳಲ್ಲಿ, ವರ್ಗಾವಣೆಯ ಪುಣ್ಯದಿಂದ.

ನಾನು ಬ್ಯಾಂಕಿನಲ್ಲಿದ್ದವಳು. ನಮ್ಮ ನಾಡಿನ ದೊಡ್ಡ ಬ್ಯಾಂಕುಗಳಲ್ಲಿ ಹೆಚ್ಚಿನವು ಕರಾವಳಿಯಲ್ಲಿ ಹುಟ್ಟಿದವು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮತ್ತೆ ಮಂಗಳೂರಿನಲ್ಲಿ. ಹಾಗಾಗಿ ಬಯಲುಸೀಮೆಯ ಯಾವ ಶಾಖೆಗೆ ಹೋದರೂ ತೆಂಗಿನೆಣ್ಣೆಯ ಒಗ್ಗರಣೆ ಹಾಕುವ ಒಬ್ಬರಾದರೂ ಸಿಗುತ್ತಿದ್ದರು. ವಾರದ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವುದು ಆಗದ ಮಾತು. ಕೌಂಟರ್ ಬಿಟ್ಟು ಏಳುವಂತಿಲ್ಲ, ಸರದಿಯ ಮೇಲೆ ಹೋಗಿ ಗಬಗಬ ತಿಂದು ಬರಬೇಕು. ಶನಿವಾರ ಅರ್ಧ ದಿನ. ಮಧ್ಯಾಹ್ನ ಶಟರ್ ಎಳೆದು, ಕ್ಯಾಶ್ ತಾಳೆಯಾದ ಮೇಲೆ, ಎಲ್ಲರೂ ತಂದದ್ದನ್ನು ನಡುವೆ ಇಟ್ಟುಕೊಂಡು ಕೂರುತ್ತಿದ್ದೆವು. 2015ರ ಸೆಪ್ಟೆಂಬರ್ 1ರಿಂದ ಎರಡನೇ, ನಾಲ್ಕನೇ ಶನಿವಾರ ಪೂರ್ತಿ ರಜೆಯಾಯಿತು, ಉಳಿದ ಶನಿವಾರ ಪೂರ್ತಿ ಕೆಲಸ. ರಜೆ ಬೇಡವೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಶನಿವಾರದ ಆ ಊಟ ಅಲ್ಲಿಗೆ ಮುಗಿಯಿತು. ಈಗಿನದು ನೋಟಿಸ್ ಹಾಕಿ, ವಾಟ್ಸಾಪ್‌ನಲ್ಲಿ ಪಟ್ಟಿ ಮಾಡಿ ನಡೆಸುವ ಊಟ.

ಮೊದಲು ಇದರ ಸುಖ ಹೇಳಿಬಿಡುತ್ತೇನೆ. ಹಂಚಿ ಉಣ್ಣುವುದು ನಮಗೆ ಹೊಸದೇನಲ್ಲ. ಎಳ್ಳಮಾವಾಸ್ಯೆಗೆ ಉತ್ತರ ಕರ್ನಾಟಕದ ಹೊಲಗಳಲ್ಲಿ ಚರಗ ಚೆಲ್ಲಿ, ಬುತ್ತಿ ಬಿಚ್ಚಿ, ಅಕ್ಕಪಕ್ಕದ ಹೊಲದವರನ್ನೂ ಕರೆದು ಉಣ್ಣುತ್ತಾರೆ. ಹಳೇ ಮೈಸೂರಿನ ಕಡೆ ಬೆಳದಿಂಗಳೂಟವಿತ್ತು. ಆದರೆ ಅಲ್ಲೆಲ್ಲ ನೆರೆಹೊರೆಯವರದು ಹೆಚ್ಚುಕಡಿಮೆ ಒಂದೇ ಬಗೆಯ ಅಡುಗೆ. ಆಫೀಸಿನಲ್ಲಿ ಹಾಗಲ್ಲ. ಪಕ್ಕದ ಟೇಬಲ್ಲಿನಲ್ಲಿ ವರ್ಷಗಟ್ಟಲೆ ಕೂತು ಫೈಲ್ ನೋಡಿದವರ ಮನೆಯಲ್ಲಿ ಸಾರಿಗೆ ಬೆಲ್ಲ ಹಾಕುತ್ತಾರೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ. ಒಂದು ದಿನ ಅವರು ಗುರೆಳ್ಳು ಚಟ್ನಿಪುಡಿಯ ಡಬ್ಬಿ ತೆಗೆದರೆ ಅವರ ಊರು, ಅವರ ಅಜ್ಜಿ, ಆ ವರ್ಷ ಮಳೆ ಹೋದದ್ದು, ಎಲ್ಲ ಹೊರಗೆ ಬರುತ್ತದೆ.

ಇನ್ನು ಅಡುಗೆಯ ಗುಣ. ಎಲ್ಲ ಅಡುಗೆಯೂ ಪ್ರಯಾಣ ತಡೆಯುವುದಿಲ್ಲ. ಬೆಳಿಗ್ಗೆ ಐದಕ್ಕೆ ಒಲೆಯಿಂದ ಇಳಿದದ್ದು ಬಿಎಂಟಿಸಿ ಬಸ್ಸಿನಲ್ಲಿ ಕುಲುಕಿ, ಮಧ್ಯಾಹ್ನ ಒಂದೂವರೆಗೆ ಬಾಯಿಗೆ ಬೀಳಬೇಕು. ಈ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗುವುದು ಖಡಕ್ ಜೋಳದ ರೊಟ್ಟಿ. ಅದು ಹುಟ್ಟಿದ್ದೇ ಬುತ್ತಿಗಾಗಿ. ವಾರವಿಟ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಎಣ್ಣೆಗಾಯಿ ಇದ್ದರೆ ಮಿಕ್ಕವರು ತಮ್ಮ ಡಬ್ಬಿ ತೆರೆಯಲೇ ಹಿಂಜರಿಯುತ್ತಾರೆ. ಪುಳಿಯೋಗರೆಗೆ ಹುಣಸೆಹುಳಿ, ಎಣ್ಣೆಯ ಕಾವಲಿದೆ. ಒಬ್ಬಟ್ಟು ಮರುದಿನಕ್ಕೇ ಹೆಚ್ಚು ರುಚಿ. ಕೊಡಗಿನ ಪಂದಿ ಕರಿಯೂ ಹಾಗೆಯೇ, ಕಾಚಂಪುಳಿಯ ಹುಳಿ ಮಾಂಸಕ್ಕೆ ಇಳಿಯಲು ಒಂದು ರಾತ್ರಿ ಬೇಕು. ಬಿಸಿಬೇಳೆಬಾತ್ ಹೊತ್ತು ಹೋದಂತೆ ಗಟ್ಟಿಯಾಗುವುದರಿಂದ ಮನೆಯಲ್ಲಿ ತೆಳ್ಳಗಾಯಿತು ಅನ್ನಿಸುವಷ್ಟು ನೀರು ಬಿಟ್ಟು ತರಬೇಕು. ಮೊಸರನ್ನಕ್ಕೆ ಬೆಳಿಗ್ಗೆ ಬರೀ ಹಾಲು ಕಲಸಿ, ಒಂದು ಚಮಚ ಮೊಸರನ್ನು ಹೆಪ್ಪಿನಂತೆ ಹಾಕಿ ತಂದರೆ ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹುಳಿಯುತ್ತದೆ. ರೈಲಿನಲ್ಲಿ ಓಡಾಡುವ ಹೆಂಗಸರಿಗೆಲ್ಲ ಗೊತ್ತಿರುವ ಉಪಾಯ ಇದು.

ಸೋಲುವವೂ ಇವೆ. ಪೂರಿ ತಂದರೆ ಚರ್ಮದ ಚೀಲದಂತಾಗಿರುತ್ತದೆ. ನೀರುದೋಸೆ ಒಂದಕ್ಕೊಂದು ಅಂಟಿ ದಿಂಡಾಗಿರುತ್ತದೆ. ಮುದ್ದೆಯ ಪಾಡು ನನಗೆ ನಿಜವಾಗಿ ಬೇಸರ ತರಿಸುತ್ತದೆ. ಮಂಡ್ಯ, ತುಮಕೂರು, ಕೋಲಾರದವರ ಹೊಟ್ಟೆ ತುಂಬಿಸುವ ಊಟ ಅದು. ಆದರೆ ಆರಿದರೆ ಮುಗಿಯಿತು. ಹಾಗಾಗಿ ರಾಗಿ ಸೀಮೆಯವರು ಪಾಟ್‌ಲಕ್ಕಿಗೆ ಚಿತ್ರಾನ್ನ ತರುತ್ತಾರೆ, ಅವರ ಬಸ್ಸಾರು, ಉಪ್ಸಾರು ಮನೆಯಲ್ಲೇ ಉಳಿಯುತ್ತದೆ. ಕ್ಯಾಂಟೀನಿನಲ್ಲಿ ಒಂದು ಒಲೆ ಸಿಗುವ ಆಫೀಸಾದರೆ ಮುದ್ದೆಯನ್ನು ಅಲ್ಲೇ ಕೂಡಿಸಬಹುದು. ಕೇಳಿ ನೋಡಿ.

ಚಿತ್ರಾನ್ನದ ಮಾತು ಬಂತಲ್ಲ, ಒಂದು ಎಚ್ಚರಿಕೆ. ಅನ್ನ ನಿರಪಾಯ ಎಂದು ನಾವು ನಂಬಿದ್ದೇವೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ, ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು ವಿಷ ಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ಅಪಾಯದ್ದು. ನಮ್ಮ ಹಾಟ್‌ಬಾಕ್ಸುಗಳು ಎಂಟು ತಾಸು ಕಳೆಯುವಷ್ಟರಲ್ಲಿ ಅನ್ನವನ್ನು ಸರಿಯಾಗಿ ಅದೇ ಶಾಖಕ್ಕೆ ತಂದು ನಿಲ್ಲಿಸುತ್ತವೆ. ಕಾಯಿತುರಿ ಹಾಕಿದ ಕೋಸಂಬರಿ, ಹಸಿ ಚಟ್ನಿ ಇನ್ನೂ ಬೇಗ ಕೆಡುತ್ತವೆ. ಕೋಸಂಬರಿಗೆ ಬೇಳೆ, ಸೌತೆಕಾಯಿ, ಕಾಯಿ ಬೇರೆಬೇರೆ ತಂದು ಊಟಕ್ಕೆ ಕೂರುವ ಮುಂಚೆ ಕಲಸಿ. ಆಫೀಸಿನಲ್ಲಿ ಫ್ರಿಜ್ ಇದ್ದರೆ ಬಂದ ತಕ್ಷಣ ಒಳಗಿಡಿ. ಡಬ್ಬಿಯ ಮೇಲೆ ಶೇಂಗಾ ಇದೆ, ಗೋಡಂಬಿ ಇದೆ, ಮೊಟ್ಟೆ ಇದೆ ಎಂದು ಒಂದು ಚೀಟಿ ಅಂಟಿಸಿದರೆ ಅಲರ್ಜಿ ಇರುವವರು ಮುಜುಗರದಿಂದ ವಿಚಾರಿಸುವುದು ತಪ್ಪುತ್ತದೆ. ಇವೆಲ್ಲ ಸುಲಭದ ಸಮಸ್ಯೆಗಳು.

ಇನ್ನು ಮುಂದಿನವು ಸುಲಭದವಲ್ಲ. ವಾಟ್ಸಾಪ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ. ವಾಂಗಿಬಾತ್, ಶ್ಯಾವಿಗೆ ಪಾಯಸ, ಪತ್ರೊಡೆ, ಎಲ್ಲ ಹೆಂಗಸರ ಹೆಸರಿನ ಮುಂದೆ. ಕಾಗದದ ತಟ್ಟೆ, ಲೋಟ, ಬಾಳೆಹಣ್ಣು, ಎರಡು ಲೀಟರ್ ಕೂಲ್‌ಡ್ರಿಂಕ್ಸ್, ಚಿಪ್ಸ್, ಇವು ಗಂಡಸರ ಹೆಸರಿನ ಮುಂದೆ. ಮದುವೆಯಾದ ಗಂಡಸರ ಮುಂದೆ ಒಮ್ಮೊಮ್ಮೆ ಬಿರಿಯಾನಿ ಕಾಣುತ್ತದೆ, ಅದನ್ನು ಯಾರು ಮಾಡಿದರೆಂದು ಬೇರೆ ಹೇಳಬೇಕಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂದು ಬಂತು. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ, ಕೈಯೇ ಹಾಕದವರು ಆ ಲೆಕ್ಕದಲ್ಲಿಲ್ಲ. ಈ ಹೊರೆಯ ಮೇಲೆ ಆಫೀಸು ಇಪ್ಪತ್ತು ಜನಕ್ಕೆ ಆಗುವಷ್ಟು ಇನ್ನೊಂದು ಅಡುಗೆ ಹೇರಿ, ಅದಕ್ಕೆ ತಂಡದ ಉಲ್ಲಾಸ ಎಂದು ಹೆಸರಿಡುತ್ತದೆ. ಹೋಟೆಲಿನಿಂದ ತರಿಸಿದರೆ "ಅಯ್ಯೋ, ಸ್ವಿಗ್ಗಿನಾ?" ಎಂದು ಒಂದು ನಗೆ. ಆ ನಗೆ ನಿಲ್ಲಬೇಕು. ತರಿಸಿದ ಊಟವೂ ಊಟವೇ. ಅಡುಗೆ ಬಾರದ ಹುಡುಗರಿಗೆ ಒಂದು ಮಾತು: ಹೆಸರುಬೇಳೆ ನೆನೆಹಾಕಲು ಎರಡು ಗಂಟೆ, ಒಗ್ಗರಣೆಗೆ ಎರಡು ನಿಮಿಷ. ಕೋಸಂಬರಿಯಿಂದ ಶುರುಮಾಡಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯ. ಊಟ ಮುಗಿದ ಮೇಲೆ ಮೇಜಿನ ಮೇಲೆ ಒಮ್ಮೆ ಕಣ್ಣಾಡಿಸಿ. ಯಾವ ಡಬ್ಬಿ ಖಾಲಿಯಾಗಿದೆ, ಯಾವುದು ತುಂಬಿದ ಹಾಗೇ ಇದೆ? ರುಚಿಯಿಂದ ಮಾತ್ರ ಇದು ತೀರ್ಮಾನವಾಗುವುದಾದರೆ ನಾನು ಈ ಮಾತು ಎತ್ತುತ್ತಿರಲಿಲ್ಲ.

ನಮ್ಮ ನಾಡಿನಲ್ಲಿ ಯಾರ ಕೈಯಡುಗೆ ಯಾರು ಉಣ್ಣಬಹುದು ಎಂಬುದೇ ಜಾತಿಯ ಅಳತೆಗೋಲಾಗಿತ್ತು. ಮೊದಲ ಕಾಲದ ಉಡುಪಿ ಹೋಟೆಲುಗಳಲ್ಲೂ ಬ್ರಾಹ್ಮಣರಿಗೆ ಬೇರೆ ಕೂರುವ ಜಾಗವಿತ್ತು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಆದರೆ ಹೋಟೆಲಿನಲ್ಲಿ ಅಡುಗೆ ಮಾಡಿದವರು ಯಾರೆಂದು ನಾವು ಕೇಳುವುದಿಲ್ಲ, ನೋಡುವುದೂ ಇಲ್ಲ. ಪಾಟ್‌ಲಕ್ಕಿನ ಡಬ್ಬಿಗೆ ಹೆಸರಿದೆ, ಮನೆಯಿದೆ, ಅಡುಗೆಮನೆಯಿದೆ. ಕಾನೂನು ಅಲ್ಲಿಯವರೆಗೆ ಬರುವುದಿಲ್ಲ. ಒಬ್ಬರ ಪಾಯಸವನ್ನು ನೀವು ಬಡಿಸಿಕೊಳ್ಳಲಿಲ್ಲವೆಂದು ಯಾವ ದೂರೂ ಕೊಡಲಾಗದು. "ಇವತ್ತು ಸಂಕಷ್ಟಿ", "ಸಕ್ಕರೆ ಬಿಟ್ಟಿದ್ದೀನಿ", "ಆಗಲೇ ಹೊಟ್ಟೆ ತುಂಬಿಹೋಯಿತು", ಹೀಗೆ ನೂರು ಸಭ್ಯ ನೆಪಗಳು. ನೆಪ ಯಾವುದು, ನಿಜವಾದ ಸಂಕಷ್ಟಿ ಯಾವುದು ಎಂದು ಡಬ್ಬಿ ತಂದವರಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಅವರು ಅದನ್ನು ಯಾರಿಗೂ ಹೇಳುವುದಿಲ್ಲ, ಮುಂದಿನ ಸಲ ತಟ್ಟೆ ಲೋಟ ತರುತ್ತೇನೆ ಎನ್ನುತ್ತಾರೆ.

ಕೂಡಿ ಉಣ್ಣುವುದನ್ನೇ ಚಳವಳಿ ಮಾಡಿದವರಿದ್ದಾರೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ತಮ್ಮದೇ ಜಾತಿಯ ಈಳವರನ್ನೂ ದಲಿತರಾದ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸಿದರು. ಬಡಿಸಿದ್ದು ಹಲಸಿನ ಬೀಜ ಮತ್ತು ಕಡಲೆಯ ಪಲ್ಯ. ಅಷ್ಟಕ್ಕೇ ಸ್ವಂತ ಜಾತಿಯವರು ಬಹಿಷ್ಕಾರ ಹಾಕಿ, ಪುಲಯ ಅಯ್ಯಪ್ಪನ್ ಎಂದು ಹಂಗಿಸಿದರು. ಅವರು ಅದನ್ನು ಬಿರುದಿನಂತೆ ಇಟ್ಟುಕೊಂಡರು. ಇನ್ನೊಂದು ಕಡೆ ಅಂಬೇಡ್ಕರ್, ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಎಂಬ ಜಾತಿ ವಿರೋಧಿ ಸಂಘಕ್ಕಾಗಿ 1936ರಲ್ಲಿ ಬರೆದ, ಆದರೆ ಮಾಡಲು ಬಿಡದ ಭಾಷಣದಲ್ಲಿ, ಸಹಭೋಜನದಿಂದ ಜಾತಿಯ ಭಾವನೆ ಸತ್ತಿಲ್ಲ ಎಂದು ನೇರವಾಗಿಯೇ ಹೇಳಿದರು. ಜೊತೆಗೆ ಉಂಡು ಎದ್ದವರು ಮತ್ತೆ ತಮ್ಮ ತಮ್ಮ ಜಾತಿಗೇ ಹೋಗುತ್ತಾರೆ ಎಂಬುದು ನಮಗೂ ಕಂಡ ಸತ್ಯ. ಹಾಗಾಗಿ ಪಾಟ್‌ಲಕ್ ಮಾಡಿ ನಾವೆಲ್ಲ ಒಂದಾದೆವು ಎಂದು ಫೋಟೊ ಹಾಕುವುದು ಸ್ವಲ್ಪ ಅವಸರದ್ದು. ಆದರೆ ಜೊತೆಗೆ ಉಣ್ಣಲೂ ಆಗದವರು ಮುಂದಿನದನ್ನು ಏನು ಮಾಡಿಯಾರು ಎಂದೂ ನನಗೆ ಅನ್ನಿಸುತ್ತದೆ.

ಮಾಂಸದ ಮಾತಿಗೆ ಬರೋಣ. ಆಫೀಸಿನ ಪಾಟ್‌ಲಕ್ ಎಂದರೆ ಯಾರೂ ಹೇಳದೆಯೇ ಸಸ್ಯಾಹಾರ. "ಎಲ್ಲರಿಗೂ ಆಗುತ್ತಲ್ಲ, ಅದಕ್ಕೆ" ಎನ್ನುತ್ತಾರೆ. ಕೇಂದ್ರ ಸರ್ಕಾರದ 2014ರ ಎಸ್‌ಆರ್‌ಎಸ್ (ಮಾದರಿ ನೋಂದಣಿ ವ್ಯವಸ್ಥೆ) ಬೇಸ್‌ಲೈನ್ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಸ್ಯಾಹಾರಿಗಳು ಶೇ 21ರಷ್ಟು. ಐವರಲ್ಲಿ ಒಬ್ಬರ ಊಟ ಎಲ್ಲರ ಊಟವೆನಿಸಿಕೊಂಡು, ನಾಲ್ವರ ಊಟ ಕದ್ದು ತರುವ ಸಾಮಾನಾಗಿದೆ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಬಾಡೂಟದ ಗಲಾಟೆ ಎದ್ದದ್ದು ನೆನಪಿರಬೇಕು. ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ್ದರು. ಜನರಿಗೆ ನೋವಾದದ್ದು ಕೋಳಿ ಸಿಗಲಿಲ್ಲವೆಂದಲ್ಲ. ತಮ್ಮ ಮನೆಯ ಅಡುಗೆ ಸಿಗರೇಟಿನ ಪಕ್ಕ ಕೂತಿತಲ್ಲ, ಅದಕ್ಕೆ.

ಸಸ್ಯಾಹಾರಿಗಳಿಗೆ ಅಸಹ್ಯವಾಗಬಾರದಲ್ಲವೇ ಎಂದು ಕೇಳುತ್ತೀರಿ. ಖಂಡಿತ ಆಗಬಾರದು. ಯಾರಿಗೂ ಏನನ್ನೂ ಬಲವಂತವಾಗಿ ತಿನ್ನಿಸುವ ಹಕ್ಕು ಯಾರಿಗೂ ಇಲ್ಲ. ಬೇರೆ ಸೌಟು, ಮೇಜಿನ ಬೇರೆ ತುದಿ, ಮೇಲೊಂದು ಚೀಟಿ, ಇಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ಬೇರೆ ಕೋಣೆ ಬೇಡ. ಆ ಬೇರೆ ಕೋಣೆಗೆ ಯಾರು ಹೋಗಬೇಕಾಗುತ್ತದೆ ಎಂದು ಒಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ. ಜೈನ ಸಹೋದ್ಯೋಗಿ ಇದ್ದರೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಇಲ್ಲದ ಎರಡಾದರೂ ಬಗೆ ಇರಲಿ. ದಿನ ಗೊತ್ತುಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ರಂಜಾನ್ ತಿಂಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ ಬರುತ್ತದೆ. ಉಪವಾಸವಿರುವವರ ಎದುರಿಗೆ ಹಬ್ಬದೂಟ ಇಟ್ಟು ಏನಾದರೂ ತಗೊಳ್ಳಿ ಎನ್ನುವುದು ಯಾವ ಸಂಭ್ರಮವೂ ಅಲ್ಲ. ಬಾಸ್‌ಗಳಿಗೆ ಒಂದೇ ಮಾತು: ಹಾಜರಾತಿ ತೆಗೆಯಬೇಡಿ, ಬಹುಮಾನ ಇಡಬೇಡಿ. ಸಾಲಿನಲ್ಲಿ ಎಲ್ಲರ ಹಿಂದೆ ನಿಲ್ಲಿ, ಎಲ್ಲ ಡಬ್ಬಿಯಿಂದಲೂ ಒಂದು ಚಮಚ ಬಡಿಸಿಕೊಳ್ಳಿ. ಮೇಲಿನವರು ಕೈಹಾಕಿದ ಡಬ್ಬಿಗೆ ಉಳಿದವರ ಕೈ ತಾನಾಗಿ ಬರುತ್ತದೆ, ಇದು ಎಲ್ಲ ಆಫೀಸಿಗೂ ಅನ್ವಯಿಸುವ ನಿಯಮ.

ಕೊನೆಯದಾಗಿ ಹೌಸ್‌ಕೀಪಿಂಗ್‌ನವರು, ಸೆಕ್ಯೂರಿಟಿಯವರು, ಟೀ ತರುವ ಹುಡುಗ. ಈಗ ನಡೆಯುವುದು ಹೀಗೆ: ಎಲ್ಲರದೂ ಆದ ಮೇಲೆ ಉಳಿದದ್ದನ್ನೆಲ್ಲ ಒಂದೇ ತಟ್ಟೆಗೆ ಸುರಿದು, "ಅಕ್ಕಾ, ನೀವೂ ತಿನ್ನಿ" ಎಂದು ಕರೆಯುತ್ತೇವೆ. ಆಮೇಲೆ ಅದೇ ಅಕ್ಕ ಎಣ್ಣೆ ಹಿಡಿದ ಮೇಜು ಒರೆಸಬೇಕು. ಸ್ವಲ್ಪ ಸೂಕ್ಷ್ಮವಿರುವ ಆಫೀಸುಗಳಲ್ಲಿ ಅವರನ್ನು ಮೊದಲೇ ಊಟಕ್ಕೆ ಕರೆದು "ನೀವೇನೂ ತರಬೇಡಿ" ಎನ್ನುತ್ತಾರೆ. ಅವರ ಸಂಬಳ ನೋಡಿದರೆ ಸರಿಯಾದ ಮಾತೇ. ಆದರೆ ತರಬೇಕೆಂದಿದ್ದವರಿಗೂ ಬೇಡ ಎಂದುಬಿಟ್ಟರೆ ಅವರು ಶಾಶ್ವತವಾಗಿ ಉಣ್ಣುವ ಕಡೆಯವರಾಗುತ್ತಾರೆ, ಬಡಿಸುವ ಕಡೆಗೆ ಬರುವುದೇ ಇಲ್ಲ. ಪಟ್ಟಿಯಲ್ಲಿ ಅವರ ಹೆಸರೂ ಇರಲಿ, ಮುಂದಿನ ಜಾಗ ಖಾಲಿ ಬಿಡಿ, ತರುವುದೂ ಬಿಡುವುದೂ ಅವರಿಗೆ ಸೇರಿದ್ದು. ಮೇಜು ಒರೆಸುವ ಸರದಿಗೆ ಮಾತ್ರ, ಈ ಸಲ ಚಿಪ್ಸ್ ತಂದವರ ಹೆಸರು ಬರೆದುಕೊಳ್ಳಿ. ಪ್ರಶ್ನೆಗಳಿದ್ದರೆ ಕೇಳಬಹುದು, ಅಡುಗೆಯ ಬಗ್ಗೆಯಾದರೂ ಸರಿ.