ದ್ಯಾನ್ ಬಂದರೆ ‘ದ’ ಬೇಡ

ಮಡಿಕೇರಿ ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ಇಂಗ್ಲಿಷ್ ವ್ಯಾಕರಣ ಅಂದ ಕೂಡಲೇ ರೇಡಿಯೋದ ಕಿವಿ ತಿರುಚಬೇಡಿ. ಇವತ್ತು ನಾನು ಹೇಳುವುದು ಒಂದೇ ಸಂಗತಿ. ಹೋಲಿಸಿ ಮಾತಾಡುವಾಗ ‘ದ’ ಅನ್ನುವ ಇಂಗ್ಲಿಷ್ ಪದ ಎಲ್ಲಿ ಬೇಕು, ಎಲ್ಲಿ ಬೇಡ, ಅಷ್ಟೇ. ಹತ್ತನೇ ತರಗತಿ ಮಕ್ಕಳು ಪೆನ್ನು ಹಿಡಿದುಕೊಳ್ಳಿ. ಹೋಮ್‌ಸ್ಟೇ ನಡೆಸುವವರೂ ಸ್ವಲ್ಪ ಕಿವಿಗೊಡಿ, ನಿಮ್ಮ ಬೋರ್ಡುಗಳನ್ನು ನಾನು ಓದುತ್ತಾ ಓಡಾಡುತ್ತೇನೆ.

ನಮ್ಮ ಬೆಟ್ಟಗಳನ್ನೇ ತೆಗೆದುಕೊಳ್ಳೋಣ. ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ತಡಿಯಂಡಮೋಳ್, 1,748 ಮೀಟರ್. ಪುಷ್ಪಗಿರಿ ಅದಕ್ಕಿಂತ ತುಸು ತಗ್ಗು. ಈಗ ಇಂಗ್ಲಿಷಿನಲ್ಲಿ ಹೇಳಿ: ‘ತಡಿಯಂಡಮೋಳ್ ಈಸ್ ಹೈಯರ್ ದ್ಯಾನ್ ಪುಷ್ಪಗಿರಿ.’ ‘ದ’ ಇದೆಯೇ? ಇಲ್ಲ. ‘ತಡಿಯಂಡಮೋಳ್ ಈಸ್ ದ ಹೈಯೆಸ್ಟ್ ಪೀಕ್ ಇನ್ ಕೊಡಗು.’ ಇಲ್ಲಿ ಇದೆ. ಹೈಯೆಸ್ಟ್ ಅಂದಿರೋ, ಇಡೀ ಜಿಲ್ಲೆಯಲ್ಲಿ ಒಂದನ್ನೇ ಬೊಟ್ಟು ಮಾಡಿ ತೋರಿಸಿದಿರಿ. ಆ ಬೊಟ್ಟು ಮಾಡುವ ಕೆಲಸವೇ ‘ದ’ದ್ದು. ದ್ಯಾನ್ ಬಂದರೆ ‘ದ’ ಬೇಡ. ಎಸ್ಟ್ ಬಂದರೆ, ಮೋಸ್ಟ್ ಬಂದರೆ, ‘ದ’ ಬೇಕು.

ನಮಗೆ ತೊಡಕಾಗುವುದು ಯಾಕೆಂದರೆ, ಕನ್ನಡದಲ್ಲಿ ಪುಷ್ಪಗಿರಿಗಿಂತ ಎತ್ತರ ಅಂದರೂ ಎಲ್ಲಕ್ಕಿಂತ ಎತ್ತರ ಅಂದರೂ ‘ಎತ್ತರ’ ಹಾಗೇ ಇರುತ್ತದೆ, ‘ಗಿಂತ’ವೂ ಹಾಗೇ ಇರುತ್ತದೆ. ‘ದ’ದಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕೆಲವರು ಅದನ್ನು ಎಲ್ಲೂ ಹಾಕುವುದಿಲ್ಲ, ಇನ್ನು ಕೆಲವರು ಸಿಕ್ಕಸಿಕ್ಕಲ್ಲಿ ಹಾಕುತ್ತಾರೆ.

ಎರಡನ್ನೂ ಒಂದೇ ಬೋರ್ಡಿನಲ್ಲಿ ಮಾಡಿದವರೊಬ್ಬರು ನನಗೆ ಗೊತ್ತು. ಕಕ್ಕಬ್ಬೆ ಕಡೆಯವರು, ಕಾಫಿಗೆ ರೇಟಿಲ್ಲ ಅಂತ ಹೋಮ್‌ಸ್ಟೇ ಶುರು ಮಾಡಿದ್ದರು. ರಸ್ತೆ ಬದಿಗೆ ಬೋರ್ಡ್ ಬೇಕು. ಪೇಂಟರ್ ಅಕ್ಷರಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುವವನು. ಅವನು ಬರೆದು ಮುಗಿಸುವ ಹೊತ್ತಿಗೆ ಇವರು ನನ್ನನ್ನು ಕರೆದರು. ಮೇಲಿನ ಸಾಲು: ‘ಅವರ್ಸ್ ಈಸ್ ಹೈಯೆಸ್ಟ್ ಹೋಮ್‌ಸ್ಟೇ ಇನ್ ಕಕ್ಕಬ್ಬೆ.’ ಕೆಳಗಿನ ಸಾಲು: ‘ಅವರ್ ರೂಮ್ಸ್ ಆರ್ ದ ಬಿಗ್ಗರ್ ದ್ಯಾನ್ ಹೋಟೆಲ್ ರೂಮ್ಸ್.’

“ಮೇಲೆ ಹೈಯೆಸ್ಟ್ ಹಿಂದೆ ಒಂದು ‘ದ’ ಹಾಕಿಸಿ” ಅಂದೆ.

“ಮೇಷ್ಟ್ರೇ, ಟಿ, ಎಚ್, ಇ. ಮೂರಕ್ಷರ ಆಗ್ತದೆ!”

“ಹಾಗಾದರೆ ಕೆಳಗಿನದ್ದನ್ನು ಯಾಕೆ ಹಾಕಿಸಿದಿರಿ?”

“ಒಂದಾದರೂ ಇರಲಿ, ಇಂಗ್ಲಿಷ್ ಅಲ್ವಾ, ಒಂದು ಗತ್ತು.”

ಕೆಳಗೆ ದ್ಯಾನ್ ಇದೆ, ಅಲ್ಲಿ ‘ದ’ ಇರಕೂಡದು ಅಂತ ಬಿಡಿಸಿ ಹೇಳಿದೆ. ಅವರು ಬೋರ್ಡನ್ನೇ ನೋಡುತ್ತಾ ನಿಂತರು. ಆಮೇಲೆ ಮುಖ ಅರಳಿತು. “ಕೆಳಗಿಂದ ತೆಗೆದು ಮೇಲೆ ಹಾಕಿದರೆ ಲೆಕ್ಕ ಅಲ್ಲಿಗಲ್ಲಿಗೆ ಆಯ್ತಲ್ಲ ಮೇಷ್ಟ್ರೇ!” ನಾನು ವರ್ಷಗಟ್ಟಲೆ ಪಾಠ ಮಾಡಿದರೂ ಇಷ್ಟು ಸಲೀಸಾಗಿ ಇದನ್ನು ಹಿಡಿದ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಪೇಂಟರ್ ಮಾತ್ರ ಒಪ್ಪಲಿಲ್ಲ. ಬರೆಯುವುದಕ್ಕೂ ಕೂಲಿ, ಅಳಿಸುವುದಕ್ಕೂ ಕೂಲಿ ಅಂದ, ಹಟ ಹಿಡಿದು ವಸೂಲಿ ಮಾಡಿದ. ಆ ಬೋರ್ಡಿನ ಕೆಳಸಾಲಿನಲ್ಲಿ ‘ಆರ್’ ಆದಮೇಲೆ ಹಸಿರು ಬಣ್ಣದ ತೇಪೆಯೊಂದಿದೆ, ಉಳಿದ ಹಸಿರಿಗಿಂತ ಕಡು. ಆ ಕಡೆ ಹೋದರೆ ನೋಡಿ, ತೇಪೆ ಇರುವ ಸಾಲಿನಲ್ಲೇ ದ್ಯಾನ್ ಇದೆ. ದ್ಯಾನ್ ಬಂದರೆ ‘ದ’ ಬೇಡ!

ಗಾಜಿನ ಆಚೆಯಿಂದ ಕೈಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ದ್ಯಾನ್ ಇರುವ ವಾಕ್ಯದಲ್ಲಿ ‘ಎ’ ಬರಬಹುದು, ಹೆಸರುಪದ ಜೊತೆಗಿದ್ದರೆ: ‘ಮುಳ್ಳಯ್ಯನಗಿರಿ ಈಸ್ ಎ ಹೈಯರ್ ಪೀಕ್ ದ್ಯಾನ್ ತಡಿಯಂಡಮೋಳ್.’ ಮೈ, ಯುವರ್, ಅವರ್ ಬಂದರೆ ‘ದ’ ಬಿಡಿ: ‘ಮೈ ಬೆಸ್ಟ್ ಫ್ರೆಂಡ್’. ‘ಒನ್ ಆಫ್ ದಿ ಓಲ್ಡೆಸ್ಟ್’ ಅಂದರೆ ಮುಂದೆ ‘ಎಸ್ಟೇಟ್ಸ್’, ಬಹುವಚನ. ಓಲ್ಡೆಸ್ಟ್ ಸ್ವರದಿಂದ ಶುರುವಾಗುವುದರಿಂದ ‘ದ’ವನ್ನು ‘ದಿ’ ಅನ್ನಿ. ಇನ್ನು ‘ಮೋರ್ ಹೈಯರ್’, ‘ಮೋಸ್ಟ್ ಹೈಯೆಸ್ಟ್’ ಅನ್ನುವುದನ್ನು ದಯವಿಟ್ಟು ಇವತ್ತಿಗೇ ನಿಲ್ಲಿಸಿ.

ಹೈಯರ್‌ಗೆ ‘ದ’ ಬರುವುದೇ ಇಲ್ಲವೇ ಅಂತ ಜಾಣಮಕ್ಕಳು ಕೇಳುತ್ತಾರೆ. ಬರುತ್ತದೆ. ಇಬ್ಬರಲ್ಲಿ ಒಬ್ಬರನ್ನು ಆರಿಸಿ ತೋರಿಸುವಾಗ: ‘ದ ಟಾಲರ್ ಆಫ್ ದ ಟೂ’. ತಲಕಾವೇರಿಯ ಬ್ರಹ್ಮಗಿರಿ ಮೆಟ್ಟಿಲು ಹತ್ತುವಾಗ: ‘ದ ಹೈಯರ್ ಯು ಗೋ, ದ ಕೋಲ್ಡರ್ ಇಟ್ ಗೆಟ್ಸ್.’ ಎರಡರಲ್ಲೂ ಹುಡುಕಿ ನೋಡಿ, ದ್ಯಾನ್ ಎಲ್ಲಾದರೂ ಇದೆಯೇ?

ನಮಸ್ಕಾರ.