ಕಿರಾಣಿ ಅಂಗಡಿಯ ಪೇಟಿ

ಬಾನುಲಿ ಕೇಳುಗರಿಗೆ ನಮಸ್ಕಾರ.

ನನ್ನದು ಕುಂದಗೋಳ ತಾಲೂಕಿನ ಒಂದು ಸಣ್ಣ ಊರು. ನಾನು ಚಿಕ್ಕವನಿದ್ದಾಗ ನಮ್ಮೂರ ಭಜನಾ ಮೇಳಕ್ಕೆ ಪೇಟಿ ಬಾರಿಸುತ್ತಿದ್ದವರು ಒಬ್ಬ ಕಿರಾಣಿ ಅಂಗಡಿಯವರು. ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಕಡೆ ಹಾಗೇ ಅನ್ನೋದು. ಊರೆಲ್ಲ ಅವರನ್ನು ಪೇಟಿ ಕಾಕಾ ಅಂತ ಕರೆಯುತ್ತಿತ್ತು. ಅವರ ಅಂಗಡಿಯಲ್ಲಿ ಬೆಲ್ಲದ ಪೆಂಟಿ, ಉಪ್ಪಿನ ಚೀಲ, ಬ್ಯಾಡಗಿ ಮೆಣಸಿನಕಾಯಿ, ಸೀಮೆಎಣ್ಣೆ ಡಬ್ಬಿ. ಮೇಲಿನ ಹಲಗೆಯಲ್ಲಿ ಕೆಂಪು ಬಟ್ಟೆ ಹೊದಿಸಿಟ್ಟ ಪೇಟಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಾಕಾ ಅದನ್ನು ಕೆಳಗಿಳಿಸುತ್ತಿದ್ದರು. ಬೆಲ್ಲ ಮೆತ್ತಿದ ಬೆರಳುಗಳನ್ನು ಮೊದಲು ತೊಳೆದು, ಪಂಚೆಗೆ ಒರೆಸಿಕೊಂಡು, ಪೇಟಿಯ ಒಂದೇ ಮನೆ, ಅಂದರೆ ಒಂದೇ ಕೀಲಿ, ಒತ್ತಿ ಹಿಡಿದು ಎಷ್ಟೋ ಹೊತ್ತು ಕೂರುತ್ತಿದ್ದರು. ಬರೀ ಷಡ್ಜ, ಅಂದರೆ 'ಸ'. ಮೆಣಸಿನಕಾಯಿ ಘಾಟಿಗೆ ನಾನು ಸೀನುತ್ತಿದ್ದೆ. ಅವರು ಮಾತ್ರ ಕಣ್ಣು ಮುಚ್ಚಿಕೊಂಡು ಆ ಸುರವನ್ನು ಕೇಳುತ್ತಿದ್ದರು.

ಸೋಮವಾರ ರಾತ್ರಿ ಬಸವಣ್ಣನ ಗುಡಿಯಲ್ಲಿ ಭಜನೆ. ಮೊದಲು ವಚನ, ಆಮೇಲೆ ದಾಸರ ಪದ, ಆಮೇಲೆ ಶರೀಫಜ್ಜನ ತತ್ವಪದ. ರಾತ್ರಿ ಏರಿದಂತೆ ಕಾಕಾರ ಕೈಯಿಂದ ಒಂದು ನಾಟಕದ ಹಾಡು ಬರುತ್ತಿತ್ತು. ಹರೆಯದಲ್ಲಿ ಅವರು ನಾಟಕ ಕಂಪನಿಯೊಂದಿಗೆ ಊರೂರು ತಿರುಗಿದವರು. ಹಾಡಿನ ನಡುವೆ ನಿಲ್ಲಿಸಿ ನಮ್ಮಂಥ ಹುಡುಗರ ಕಡೆ ನೋಡಿ, 'ತಮ್ಮಾ, ಈಗ ಬಂತಲ್ಲ, ಇದು ಭೀಮಪಲಾಸಿ. ನೆನಪಿಟ್ಕೋ' ಅನ್ನುತ್ತಿದ್ದರು. ನಾನು ಜೀವನದಲ್ಲಿ ಮೊದಲು ಕಲಿತ ರಾಗದ ಹೆಸರು ಅದು. ಸಂಗೀತ ಶಾಲೆಯಲ್ಲಿ ಅಲ್ಲ, ನಾಟಕದ ಹಾಡಿನಲ್ಲಿ.

ಪೇಟಿ ಕಾಕಾರನ್ನು ನೆನೆಸಿದಾಗಲೆಲ್ಲ ನನಗೆ ಪಂಡಿತ ಭೀಮಸೇನ ಜೋಶಿಯವರ ಒಂದು ಮಾತು ನೆನಪಾಗುತ್ತದೆ. ಅವರೂ ಗಂಗೂಬಾಯಿ ಹಾನಗಲ್ಲರೂ ಒಬ್ಬನೇ ಗುರುವಿನ ಶಿಷ್ಯರು. ಕಿರಾಣಾ ಘರಾಣೆಯವರು. ಘರಾಣೆ ಅಂದರೆ ಗುರುಶಿಷ್ಯರ ಮೂಲಕ ಬಂದ ಹಾಡುಗಾರಿಕೆಯ ಪರಂಪರೆ. ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಿಂದ ಬಂದ ಹೆಸರು ಅದು. ಭೀಮಸೇನರು ಒಮ್ಮೆ ಗಂಗೂಬಾಯಿಯವರಿಗೆ, ನಿಜವಾದ ಕಿರಾಣಾ ಘರಾಣೆ ನಿಮ್ಮದು, ನನ್ನದೇನಿದ್ದರೂ ಕಿರಾಣಿ ಅಂಗಡಿ ಅಂದರಂತೆ. ಅಕ್ಕನ ಮುಂದೆ ತಮ್ಮ ಆಡಿದ ಪ್ರೀತಿಯ ಮಾತು ಅದು. ಆದರೆ ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯ ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ. ಇಲ್ಲಿ ಹಿಂದುಸ್ತಾನಿ ಕಛೇರಿಯ ಖಯಾಲು, ನಾಟಕದ ಹಾಡು, ವಚನ, ತತ್ವಪದ ಎಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದವು. ನಮ್ಮ ದೊಡ್ಡ ಗಾಯಕರು ಬೆಳೆದದ್ದು ಅಂಥ ಅಂಗಡಿಯಲ್ಲೇ.

ಆ ಇಬ್ಬರ ಗುರು ಸವಾಯಿ ಗಂಧರ್ವರಿಂದಲೇ ಶುರು ಮಾಡೋಣ. ಅವರ ಹೆಸರು ರಾಮಚಂದ್ರ. 1886ರಲ್ಲಿ ಹುಟ್ಟಿದವರು. ಮನೆ ಕುಂದಗೋಳದಲ್ಲಿ. ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರ ಹತ್ತಿರ ವರ್ಷಗಟ್ಟಲೆ ಕಲಿತರು. ಕಲಿತ ಮೇಲೆ ಹೋದದ್ದು ಎಲ್ಲಿಗೆ? ಮರಾಠಿ ನಾಟಕ ಕಂಪನಿಗೆ. ಗುರುಗಳಿಗೆ ಅದು ಸೇರಲಿಲ್ಲ. ಶಿಷ್ಯ ಮಾತ್ರ ಬಣ್ಣ ಹಚ್ಚಿ, ಸೀರೆ ಉಟ್ಟು, ಹೆಣ್ಣಿನ ಪಾತ್ರ ಮಾಡಿ ಹಾಡಿದರು. ಆಗ ಮಹಾರಾಷ್ಟ್ರದಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಸರಾದ ಗಾಯಕ ನಟ ಬಾಲಗಂಧರ್ವರದೇ ಮಾತು. ಅಂಥ ಹೊತ್ತಿನಲ್ಲಿ ನಮ್ಮ ಕುಂದಗೋಳದ ಹುಡುಗನಿಗೆ 'ಸವಾಯಿ' ಅಂದರು. ಒಂದಕ್ಕೆ ಕಾಲು ಭಾಗ ಹೆಚ್ಚು ಅನ್ನುವ ಲೆಕ್ಕ. ಇವತ್ತು ನಾವು ಇಷ್ಟು ಗೌರವದಿಂದ ಹೇಳುವ ಆ ಹೆಸರು ಅವರಿಗೆ ಸಿಕ್ಕಿದ್ದು ನಾಟಕದಿಂದ.

ಕಂಪನಿ ನಾಟಕದಲ್ಲಿ ಹಾಡುವುದು ಸಣ್ಣ ಕೆಲಸ ಅಂತ ಈಗ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಗ ಮೈಕ್ ಇರಲಿಲ್ಲ. ತಂಬುವಿನ ಕೊನೆಯಲ್ಲಿ ನೆಲದ ಮೇಲೆ ಕೂತ ರೈತನಿಗೂ ಮಾತು ಬಿಡಿಬಿಡಿಯಾಗಿ ಕೇಳಬೇಕು. ಅವನೂ ದುಡ್ಡು ಕೊಟ್ಟೇ ಒಳಗೆ ಬಂದಿದ್ದಾನೆ. ಕೆಳಗೆ ಪೇಟಿ ಮಾಸ್ತರರು, ಪಕ್ಕದಲ್ಲಿ ತಬಲಾ. ಹಾಡು ಮುಗಿಯುತ್ತಿದ್ದಂತೆ ಮಂದಿ 'ಒನ್ಸ್‌ಮೋರ್' ಅಂತ ಕೂಗುತ್ತಾರೆ. ಎರಡನೇ ಸಲ ಹಾಡಿದರೆ ಮತ್ತೆ ಕೂಗು. ಮೂರನೇ ಸಲಕ್ಕೆ ಅದೇ ಹಾಡನ್ನು ಅದೇ ರೀತಿ ಹಾಡಿದರೆ ಯಾರು ಕೇಳುತ್ತಾರೆ? ಹೊಸ ಆಲಾಪ ತರಬೇಕು, ಹೊಸ ತಾನ ಹೊಡೆಯಬೇಕು. ಸಾಲು ಅದೇ, ರಾಗದೊಳಗಿನ ದಾರಿ ಬೇರೆ. ಖಯಾಲು ಹಾಡುವವರು ಮಾಡುವುದೂ ಇದನ್ನೇ, ಅಲ್ವಾ? ಜೊತೆಗೆ, ಕೇಳುವ ಕಿವಿಗಳೂ ಅಲ್ಲೇ ತಯಾರಾದವು. ಹೊಲದಲ್ಲಿ ಕುಂಟೆ ಹೊಡೆಯುವವನ ಬಾಯಲ್ಲಿ ಭೀಮಪಲಾಸಿ, ಯಮನ್ ಬಂದು ಕೂತದ್ದು ಹೀಗೆ. ಅವನಿಗೆ ಹೆಸರು ಗೊತ್ತಿರಲಿಲ್ಲ. ಸುರ ಗೊತ್ತಿತ್ತು.

ಧಾರವಾಡದ ಹತ್ತಿರದ ಮನ್ಸೂರಿನ ಮಲ್ಲಿಕಾರ್ಜುನ ಕೂಡ ನಾಟಕದ ಹುಡುಗನೇ. ಅಣ್ಣ ಬಸವರಾಜರ ಹಿಂದೆ ಕಂಪನಿ ಸೇರಿ ಪ್ರಹ್ಲಾದ, ಧ್ರುವ ಇಂಥ ಪಾತ್ರ ಮಾಡಿ ಹಾಡುತ್ತಿದ್ದ. ಆ ಹಾಡು ನೀಲಕಂಠಬುವಾ ಮಿರಜಕರರ ಕಿವಿಗೆ ಬಿತ್ತು. ಅವರು ಹುಡುಗನನ್ನು ಮಿರಜಿಗೆ ಕರೆದುಕೊಂಡು ಹೋಗಿ ಪಾಠ ಹೇಳಿದರು. ಮುಂದೆ ಮಂಜಿ ಖಾನ್, ಭುರ್ಜಿ ಖಾನ್ ಗುರುಗಳಾದರು. ಜೈಪುರ ಘರಾಣೆಯ ಅಪರೂಪದ ರಾಗಗಳೆಲ್ಲ ಮನ್ಸೂರರ ಕೊರಳಿಗೆ ಬಂದವು. ಇಷ್ಟಾದ ಮೇಲೂ ಅವರು ವಚನ ಹಾಡುವುದನ್ನು ಬಿಡಲಿಲ್ಲ. ಖಯಾಲಿಗೆ ಎಷ್ಟು ಮನಸ್ಸಿಟ್ಟು ಕೂರುತ್ತಿದ್ದರೋ ವಚನಕ್ಕೂ ಅಷ್ಟೇ ಮನಸ್ಸಿಟ್ಟು ಕೂರುತ್ತಿದ್ದರು. ಮುಂದೆ ನಮ್ಮ ಧಾರವಾಡ ಆಕಾಶವಾಣಿಗೂ ಸಂಗೀತದ ಸಲಹೆಗಾರರಾಗಿದ್ದರು. ಈ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ನಮ್ಮೂರಿನಂಥ ಊರುಗಳಿಗೆ ಇವರ ದನಿಗಳೆಲ್ಲ ಮನೆಯೊಳಗೇ ಬಂದದ್ದು ಆಮೇಲೆ. ಬಸವರಾಜ ರಾಜಗುರುಗಳೂ ಹಾಗೇ, ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿದ್ದವರು. ಆಮೇಲೆ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದರು. ಖಯಾಲು, ಠುಮರಿ, ವಚನ, ನಾಟ್ಯಗೀತೆ, ಏನು ಕೇಳಿದರೂ ಅವರಲ್ಲಿತ್ತು.

ಈಗ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗುವ ರೈಲಿನ ವಿಷಯ. ದೂರ ಹೆಚ್ಚಿಲ್ಲ, ಸುಮಾರು 20 ಕಿಲೋಮೀಟರ್. ಈ ದಾರಿಯಲ್ಲಿ ಓಡಾಡಿದವರಲ್ಲಿ ಒಬ್ಬ ಹೆಣ್ಣುಮಗಳಿದ್ದರು. ಗಂಗೂಬಾಯಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಖಾನ್ ಸಾಹೇಬರಂಥವರೂ ಕೂತು ಕೇಳುತ್ತಿದ್ದ ಹಾಡುಗಾರಿಕೆ ಅವರದು. ಮಗಳು ಹಿಂದುಸ್ತಾನಿ ಕಲಿಯಬೇಕು, ತನ್ನ ಹಾಡು ಅವಳ ಕಿವಿಗೆ ಅಡ್ಡ ಬರಬಾರದು ಅಂತ ಆ ತಾಯಿ ತಮ್ಮ ಹಾಡುಗಾರಿಕೆಯನ್ನೇ ಬಿಟ್ಟರು. 1928ರಲ್ಲಿ ಮನೆಮಂದಿ ಹುಬ್ಬಳ್ಳಿಗೆ ಬಂದದ್ದೂ ಮಗಳ ಪಾಠಕ್ಕಾಗಿಯೇ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಹಾಡುವವಳು ಹಾಡುವುದನ್ನು ಬಿಡುವುದು ಅಂದರೆ ಏನು ಅಂತ ನೀವೇ ಯೋಚನೆ ಮಾಡಿ.

ಸವಾಯಿ ಗಂಧರ್ವರು ಕುಂದಗೋಳದಲ್ಲಿ ಇರತೊಡಗಿದ ಮೇಲೆ ಗಂಗೂಬಾಯಿ ರೈಲು ಹತ್ತಿ ಪಾಠಕ್ಕೆ ಹೋಗತೊಡಗಿದರು. ದಾರಿಯಲ್ಲಿ 'ಗಾನೇವಾಲಿ ಬಂದಳು' ಅಂತ ಹಂಗಿಸಿದ ಮಾತುಗಳನ್ನೂ ಅವರು ಕೇಳಿದ್ದಾರೆ. ಗುರುಗಳು ಒಮ್ಮೆಗೇ ಬಹಳ ಕೊಡುತ್ತಿರಲಿಲ್ಲ. ಒಂದು ಸಣ್ಣ ಸ್ವರಗುಂಪು ಕೊಟ್ಟರೆ ಅದು ಕೂರುವ ತನಕ ಅದೇ. ಇದೇ ಹೊತ್ತಿಗೆ ಆ ಮನೆಯಲ್ಲಿ ಗದಗಿನ ಹುಡುಗನೊಬ್ಬ ನೀರು ಹೊರುತ್ತಿದ್ದ. ಅವನೇ ಭೀಮಸೇನ. ಅಂಗಡಿಯೊಂದರ ಗ್ರಾಮಫೋನಿನಲ್ಲಿ ಕರೀಂ ಖಾನ್ ಸಾಹೇಬರ ಠುಮರಿ ಕೇಳಿ ಹುಚ್ಚು ಹಿಡಿದವನು. 1933ರಲ್ಲಿ, 11ನೇ ವಯಸ್ಸಿಗೆ ಮನೆ ಬಿಟ್ಟು ಓಡಿದ. ಗ್ವಾಲಿಯರ್, ಕಲ್ಕತ್ತಾ, ಜಲಂಧರ ಅಂತ ಗುರುವನ್ನು ಹುಡುಕಿ ತಿರುಗಿದ. ಜಲಂಧರದಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಬಗಲಲ್ಲೇ ಸವಾಯಿ ಗಂಧರ್ವರಿದ್ದಾರೆ, ಅಲ್ಲಿಗೆ ಹೋಗು ಅಂದರು. ಗದಗಿನಿಂದ ಕುಂದಗೋಳಕ್ಕೆ ಬರಲು ಹುಡುಗ ಪಂಜಾಬು ಸುತ್ತಿ ಬಂದ! ಸಂಜೆ ಪಾಠ ಮುಗಿದ ಮೇಲೆ ಅಕ್ಕನನ್ನು ಸ್ಟೇಶನ್ನಿಗೆ ಕಳಿಸಿಕೊಡಲು ಅವನೇ ಜೊತೆಗೆ ಹೋಗುತ್ತಿದ್ದ. ಕುಂದಗೋಳ ಸ್ಟೇಶನ್ನಿನಲ್ಲಿ ಇಳಿದಾಗಲೆಲ್ಲ ನನಗೆ ಆ ಇಬ್ಬರು ನಡೆದು ಬರುವುದು ಕಂಡಂತಾಗುತ್ತದೆ. ಒಬ್ಬರಿಗೆ ಮುಂದೆ ಪದ್ಮವಿಭೂಷಣ, ಇನ್ನೊಬ್ಬರಿಗೆ ಭಾರತ ರತ್ನ. ಆಗ ಒಬ್ಬರಿಗೆ ರೈಲು ತಪ್ಪಬಾರದು ಅನ್ನುವ ಚಿಂತೆ, ಇನ್ನೊಬ್ಬನಿಗೆ ನಾಳೆಯಾದರೂ ಪಾಠ ಸಿಕ್ಕೀತೇ ಅನ್ನುವ ಚಿಂತೆ ಇದ್ದಿರಬೇಕು.

ಗಂಗೂಬಾಯಿಯವರ ಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಅವರ ಹೆಸರು ಗಾಂಧಾರಿ. ದನಿ ತೆಳು, ಎತ್ತರ. ಮರಾಠಿ ಭಾವಗೀತೆಗಳನ್ನೂ ಹಾಡಿದ್ದಾರೆ. ಆಮೇಲೆ ಗಂಟಲಿಗೆ ಚಿಕಿತ್ಸೆಯಾಗಿ ದನಿ ದಪ್ಪವಾಯಿತು. ಅವರು ಹೆದರಲಿಲ್ಲ. ಆ ಗಡಸು ದನಿಯಲ್ಲೇ ಖಯಾಲನ್ನು ಹಿಡಿದು ಕೂತರು, ಬೇರೆ ಸಾಮಾನನ್ನೆಲ್ಲ ಅಂಗಡಿಯಿಂದ ತೆಗೆದರು. ಭೀಮಸೇನರದು ಬೇರೆ ದಾರಿ. ದಾಸರ ಪದ, ಅಭಂಗ, ಠುಮರಿ, ಸಿನಿಮಾ ಹಾಡು, ಎಲ್ಲವೂ ಅವರಲ್ಲಿತ್ತು. ಅವರು ಹಾಡಿದ ದಾಸರ ಪದಗಳ ಕ್ಯಾಸೆಟ್ ಇಲ್ಲದ ಅಂಗಡಿ ನಮ್ಮ ಕಡೆ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು, ಕಸ ಹೊಡೆದು, ಊದಿನಕಡ್ಡಿ ಹಚ್ಚಿದ ಕೂಡಲೇ ಭೀಮಸೇನರ ದನಿ. ಎರಡೂ ಒಂದೇ ಗುರುವಿನ ಮನೆಯಿಂದ ಬಂದವು. ಯಾವುದು ದೊಡ್ಡದು ಅಂತ ತೂಗಲು ನನ್ನಿಂದ ಆಗದು.

ಹುಬ್ಬಳ್ಳಿಯಿಂದ ಇನ್ನೊಂದು ರೈಲು ಅಣ್ಣಿಗೇರಿ ದಾಟಿ ಗದಗಿಗೆ ಹೋಗುತ್ತದೆ. ಅಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ. ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ, ಕಾಡಶೆಟ್ಟಿಹಳ್ಳಿ ಅನ್ನುವ ಊರಲ್ಲಿ, 1892ರಲ್ಲಿ ಒಬ್ಬ ಕುರುಡ ಹುಡುಗ ಹುಟ್ಟಿದ. ಅಣ್ಣತಮ್ಮ ಇಬ್ಬರಿಗೂ ಕಣ್ಣಿಲ್ಲ, ಇಬ್ಬರಿಗೂ ಕಂಠ ಇತ್ತು. ಹಾನಗಲ್ಲ ಕುಮಾರಸ್ವಾಮಿಗಳು ಆ ಮಕ್ಕಳ ಹಾಡು ಕೇಳಿ ಸಂಗೀತ ಕಲಿಸಿದರು. ಆ ಹುಡುಗನೇ ಪಂಚಾಕ್ಷರಿ ಗವಾಯಿಗಳು. ಕರ್ನಾಟಕ, ಹಿಂದುಸ್ತಾನಿ ಎರಡನ್ನೂ ಕಲಿತವರು. ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ಭಿಕ್ಷೆ ಬೇಡಿ, ಅವರಿಗೆ ಅನ್ನ ಹಾಕಿ ಪಾಠ ಹೇಳಿದರು. 1944ರಲ್ಲಿ ಅವರು ಹೋದ ಮೇಲೆ ಆ ಭಾರ ಬಿದ್ದದ್ದು ಪುಟ್ಟರಾಜ ಗವಾಯಿಗಳ ಹೆಗಲಿಗೆ. ಅವರೂ ಹಾನಗಲ್ಲ ತಾಲೂಕಿನವರೇ, ಅವರಿಗೂ ಕಣ್ಣಿಲ್ಲ. ನೂರಾರು ಮಕ್ಕಳಿಗೆ ದಿನಾ ಊಟ ಎಲ್ಲಿಂದ ತರುವುದು? ಅವರು ನಾಟಕ ಕಂಪನಿ ನಡೆಸಿದರು. ತಾವೇ ನಾಟಕ ಬರೆದರು, ಹಾಡಿಗೆ ರಾಗ ಕೂಡಿಸಿದರು. ಟಿಕೆಟ್ಟಿನ ದುಡ್ಡು ಆಶ್ರಮದ ರೊಟ್ಟಿಯಾಯಿತು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ತುಲಾಭಾರ ಮಾಡಿ ಕೊಟ್ಟದ್ದೂ ಮಕ್ಕಳ ಹೊಟ್ಟೆಗೇ ಹೋಯಿತು. 2010ರಲ್ಲಿ ಅವರು ತೀರಿಕೊಂಡಾಗ ಗದಗಿಗೆ ಹರಿದು ಬಂದ ಮಂದಿಯಲ್ಲಿ ರಾಗದ ಹೆಸರು ಗೊತ್ತಿಲ್ಲದವರೇ ಜಾಸ್ತಿ.

ಆ ಆಶ್ರಮದಲ್ಲಿ 12 ವರ್ಷ ಇದ್ದು ಕಲಿತವರು ನಮ್ಮ ಧಾರವಾಡದ ಪಂಡಿತ ವೆಂಕಟೇಶಕುಮಾರರು. ಬಳ್ಳಾರಿ ಕಡೆಯವರು. ತಂದೆ ಜನಪದ ಹಾಡುಗಾರರು, ತೊಗಲುಗೊಂಬೆ ಆಡಿಸುತ್ತಿದ್ದವರು. ಅವರ ಖಯಾಲಿನ ನಡುವೆ ಸುರ ಒಮ್ಮೆಲೇ ಬಯಲಿಗೆ ಬಿಟ್ಟಂತೆ ತೆರೆದುಕೊಳ್ಳುತ್ತದೆ, ಗಮನಿಸಿದ್ದೀರಾ? ಆ ಕಡೆ ಊರ ಹೊರಗೆ ಹಾಡುವವರ ಕಂಠ ಹಾಗೇ ಇರುತ್ತದೆ. ಇನ್ನು ಆಶ್ರಮದಲ್ಲಿ ಕಲಿತ ಎಷ್ಟೋ ಮಂದಿ ಹೆಸರಿಗೆ ಬರಲಿಲ್ಲ. ಜಾತ್ರೆಯಲ್ಲಿ, ಪುರಾಣದಲ್ಲಿ, ಲಗ್ನದಲ್ಲಿ ಪೇಟಿ ಹಿಡಿದು ಹಾಡುತ್ತಾರೆ. ನಮ್ಮೂರ ಶ್ರಾವಣದ ಪುರಾಣಕ್ಕೆ ಬಂದ ಕಣ್ಣಿಲ್ಲದ ಗವಾಯಿಯೊಬ್ಬರು ಪೇಟಿ ಮುಟ್ಟಿ ನೋಡಿದ ಕೂಡಲೇ, 'ಕಾಕಾ, ನಿಮ್ಮ ಪೇಟಿಯ ಕೋಮಲ ನಿಷಾದ ಸ್ವಲ್ಪ ಇಳಿದೈತ್ರಿ' ಅಂದರು. ಕಾಕಾ ಆ ಮನೆಯನ್ನು ಒತ್ತಿ, ಕಿವಿ ಹತ್ತಿರ ತಂದು, ಹೌದು ಅಂತ ತಲೆಯಾಡಿಸಿದ್ದು ಈಗಲೂ ಕಣ್ಣ ಮುಂದಿದೆ. ಅದನ್ನು ಅವರು ಎಷ್ಟೋ ವರ್ಷ ಬಾರಿಸಿದ್ದರು.

ಧಾರವಾಡದ ಸಿತಾರದ ಮನೆತನದ ಬಗ್ಗೆ, ಉಸ್ತಾದ್ ರಹಿಮತ್ ಖಾನರಿಂದ ಬಾಳೇಖಾನರ ತನಕ, ಒಂದು ಇಡೀ ಭಾಷಣವೇ ಬೇಕು. ಹುಬ್ಬಳ್ಳಿಯ ಹೋಳಿ ಹಬ್ಬಕ್ಕೆ ಬರುವ ಜಗ್ಗಲಗಿ ಎಂಬ ದೊಡ್ಡ ಚರ್ಮವಾದ್ಯವನ್ನೂ ಇವತ್ತು ಹೆಸರಿಸಿ ಮುಂದೆ ಹೋಗುತ್ತೇನೆ. ಶರೀಫಜ್ಜನನ್ನು ಮಾತ್ರ ಬಿಡಲಾರೆ. ಶಿಗ್ಗಾವಿ ತಾಲೂಕಿನ ಶಿಶುನಾಳದವರು, 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಏಕತಾರಿಗೆ ಹಾಡುವ ಅವರ ಪದಗಳನ್ನು ಸಿ. ಅಶ್ವತ್ಥರು ಎತ್ತರದ ದನಿಯಲ್ಲಿ ಹಾಡಿದರು. ರಘು ದೀಕ್ಷಿತ್ ಗಿಟಾರು, ಡ್ರಮ್ಮು ಕಟ್ಟಿಕೊಂಡು ಹೊರದೇಶದ ವೇದಿಕೆಯಲ್ಲೂ ಹಾಡಿದರು. ಕೆಲವರಿಗೆ ಅದು ಸೇರುವುದಿಲ್ಲ. ನನ್ನ ಮಗಳು ಮೊಬೈಲಿನಲ್ಲಿ ಗಿಟಾರಿನ ಹಾಡನ್ನು ಹಚ್ಚಿದಾಗ ನನಗೆ ಖುಷಿಯೇ ಆಯಿತು. ಪದ ಪೂರಾ ಬಾಯಿಗೆ ಬಂದಿತ್ತು ಅವಳಿಗೆ. ಸೋಮವಾರ ಗುಡಿಗೆ ಬಂದು ಅದನ್ನೇ ಹಾಡಿದಳು. ನಮ್ಮ ಮೇಳದವರು ತಮ್ಮ ಚಾಲಿಗೆ ತಾಳ ಹಾಕಿದರು. ಎರಡು ಸಾಲು ಹೊಂದಲಿಲ್ಲ, ಮೂರನೇ ಸಾಲಿಗೆ ಕೂಡಿತು.

ಪೇಟಿ ಕಾಕಾ ಈಗಿಲ್ಲ. ಅಂಗಡಿಯನ್ನು ಮಗ ನಡೆಸುತ್ತಾನೆ. ಪೇಟಿಯನ್ನು ಹುಬ್ಬಳ್ಳಿಗೆ ಒಯ್ದು ಸುರ ಕೂಡಿಸಿಕೊಂಡು ಬಂದ. ಭಜನೆಗೆ ಅವನೇ ಬಾರಿಸುತ್ತಾನೆ.

ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಗೇರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ದೊಡ್ಡ ದೊಡ್ಡ ಕಲಾವಿದರು ಅಲ್ಲಿ ಹಾಡುವುದು ತಮ್ಮ ಪುಣ್ಯ ಅಂದುಕೊಂಡು ಬರುತ್ತಾರೆ. ನಮ್ಮ ಭಜನಾ ಮೇಳದವರು ಟಂಟಂ ಮಾಡಿಕೊಂಡು ಹೋಗುತ್ತೇವೆ. ನೀವೂ ಬನ್ನಿ. ಮಕ್ಕಳನ್ನೂ ಕರೆತನ್ನಿ, ನಿದ್ದೆ ಬಂದರೆ ಅಲ್ಲೇ ಮಲಗಲಿ, ಮಲಗಿದವರ ಕಿವಿಗೂ ಬೀಳುತ್ತದೆ. ಕೊನೆಯವರು ಭೈರವಿ ಹಾಡುವ ತನಕ ಏಳಬೇಡಿ. ನಸುಕಿನಲ್ಲಿ ಚಳಿ ಬೀಳುತ್ತದೆ, ಒಂದು ಕಂಬಳಿ ಇಟ್ಟುಕೊಳ್ಳಿ.

ನಮಸ್ಕಾರ.